ಕಟಕಟೆಯಲ್ಲೇ ಉಳಿದ ಹಿರಿಸೊಸೆ

ಸೋಮವಾರ ಸಂಜೆ ಹಿರಿಸೊಸೆ ಕೋರ್ಟಿನ ಕಟಕಟೆ ಹತ್ತಿದಳು. ಮಗು ಯಾರದು ಎಂದು ವಕೀಲ ಕೇಳಿದ. ಅವಳು ಬಾಯಿ ತೆರೆದಳು, ಹಿಂದೆ ತಬಲ ಢಣ್ ಎಂದಿತು, ಅತ್ತೆಯ ಮುಖ ಒಮ್ಮೆ, ಗಂಡನ ಮುಖ ಒಮ್ಮೆ ತೋರಿಸಿ ಅವತ್ತಿನ ಕಂತು ಮುಗಿಸಿದರು. ಮಂಗಳವಾರ ಅದೇ ಹೊತ್ತಿಗೆ ಟಿವಿ ಹಾಕಿದರೆ ಯಾರೋ ಒಬ್ಬ ಹೆಂಗಸು ನಗುನಗುತ್ತಾ ಬದನೆಕಾಯಿ ಹೆಚ್ಚುತ್ತಿದ್ದಳು.

ಚಳ್ಳಕೆರೆಗೆ ಚಳ್ಳಕೆರೆಯೇ ಬಾಯಿ ಬಿಟ್ಟುಕೊಂಡು ಆ ಬದನೆಕಾಯಿಯನ್ನು ನೋಡಿತು. ಕೇಬಲ್ ಬಂದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ಮೂರು ವರ್ಷದಿಂದ ಓಡುತ್ತಿದ್ದ ಧಾರಾವಾಹಿ, ಒಂದು ಮಾತು ಹೇಳದೆ, ಕಟಕಟೆಯಲ್ಲಿ ಹೆಣ್ಣುಮಗಳೊಬ್ಬಳನ್ನು ನಿಲ್ಲಿಸಿ ಹೊರಟುಹೋಗಬಹುದೆಂದು ಯಾರಿಗೂ ಕನಸಿನಲ್ಲೂ ಹೊಳೆದಿರಲಿಲ್ಲ.

ನನಗೆ ಆದ ಆಘಾತ ಬೇರೆ ಥರದ್ದು. ಆ ಧಾರಾವಾಹಿಯೇ ನನ್ನ ಬಂಡವಾಳ. ಅತ್ತೆ, ಸೊಸೆ, ವಕೀಲ, ಮನೆಯ ಡಾಕ್ಟರು, ಎಲ್ಲರ ದನಿಯನ್ನೂ ನಾನು ತೆಗೆಯುತ್ತಿದ್ದೆ. ಕಾಲೇಜಿನಲ್ಲಿ ಹಾಜರಿ ಕೂಗಿದರೆ ನಾಲ್ಕು ಜನರ ದನಿಯಲ್ಲಿ 'ಪ್ರೆಸೆಂಟ್ ಸಾರ್' ಎನ್ನುತ್ತಿದ್ದವನು ನಾನು; ಪರೀಕ್ಷೆಯನ್ನು ಮಾತ್ರ ಒಬ್ಬನೇ ಬರೆಯಬೇಕಾಗಿ ಬಂದದ್ದರಿಂದ ಫೇಲಾಗಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದೆ.

ಬುಧವಾರ ಬೆಳಿಗ್ಗೆ ನಮ್ಮ ಅಂಗಡಿ ಪಕ್ಕದ ಟಿವಿ ರಿಪೇರಿ ಭಾಯಿಯ ಬಾಗಿಲಲ್ಲಿ ಟಿವಿಗಳ ಸಾಲು ನಿಂತಿತ್ತು. ಒಬ್ಬ ಹೆಂಗಸು ಟಿವಿಯನ್ನು ಮಗುವಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು.

"ಇದ್ರಲ್ಲಿ ಬದ್ನೇಕಾಯಿ ಬರ್ತೈತೆ ಭಾಯ್, ಸರಿ ಮಾಡ್ಕೊಡಪ್ಪ," ಎಂದಳು ಆ ತಾಯಿ.

"ಟಿವಿ ಚಲೋ ಐತಮ್ಮಾ. ಧಾರಾವಾಹಿನೇ ಬಂದ್ ಆಗೈತೆ."

"ಬಂದ್ ಆಗೈತೆ ಅಂದ್ರೆ? ಮೊದ್ಲು ಬಿಚ್ಚಿ ನೋಡು."

ಭಾಯಿ ಬಿಚ್ಚಿದ, ಧೂಳು ಊದಿದ, ಮುಚ್ಚಿದ. ಅವಳು ಹೋದ ಮೇಲೆ ನನಗೆ ಹೇಳಿದ: "ಬಿಚ್ಚದೆ ಕಳ್ಸಿದ್ರೆ ಒಪ್ಪಲ್ಲ ಮಿಯಾ. ಒಳಗೆ ಸೊಸೆ ಇಲ್ಲ ಅಂತ ಕಣ್ಣಾರೆ ನೋಡ್ಬೇಕು ಅವ್ರಿಗೆ." ಅವನಿಗೂ ಮನೆಯಲ್ಲಿ ಸುಖವಿರಲಿಲ್ಲ. ಅವನ ಅಮ್ಮ ಮನೆಯಲ್ಲಿ ಉರ್ದು ಬಿಟ್ಟು ಬೇರೆ ಆಡಿದವರಲ್ಲ. ಕನ್ನಡ ಕಲಿತದ್ದೇ ಈ ಧಾರಾವಾಹಿಯಿಂದ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ "ಈ ಮನೆತನದ ಮರ್ಯಾದೆ ನಿನ್ನ ಕೈಯಲ್ಲಿದೆ" ಎನ್ನುತ್ತಿದ್ದರು. ಮಂಗಳವಾರದಿಂದ ಅವರು ಯಾವ ಭಾಷೆಯಲ್ಲೂ ಮಾತಾಡಿರಲಿಲ್ಲ.

ನಾನು ಇದನ್ನೆಲ್ಲ ನೋಡಿ ನಗುತ್ತಿದ್ದಾಗಲೇ ನಮ್ಮ ಅಂಗಡಿಯ ಫೋನು ಬಡಿದುಕೊಂಡಿತು, ಅಪ್ಪ ಎತ್ತಿದರು. ಮೊಳಕಾಲ್ಮೂರಿನಿಂದ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ. ನನ್ನಿವಾಳ ಊರಿನ ದೊಡ್ಡ ಜಮೀನಿನ ಮನೆಯೊಂದರ ಮಗಳ ಮದುವೆಗೆ ಧಾರೆ ಸೀರೆ ಅವಳ ಮಗ್ಗದ ಮೇಲಿತ್ತು. ಒಡಲು ನೇಯ್ದಾಗಿತ್ತು, ಸೆರಗೊಂದು ಬಾಕಿ. ಮದುವೆ ಮುಂದಿನ ವಾರ. ಅಪ್ಪ ಆ ಮನೆಯವರಿಗೆ ಮಾತು ಕೊಟ್ಟುಬಿಟ್ಟಿದ್ದರು.

"ಮಗ್ಗ ನಿಂತೈತೆ," ಎಂದಳಂತೆ ದೊಡ್ಡವ್ವ.

"ಯಾಕೆ, ಮೈ ಹುಷಾರಿಲ್ವಾ?"

"ನಂಗೇನಾಗೈತೆ? ಆ ಹುಡುಗಿ ಕಟಕಟೇಲಿ ನಿಂತಾಳಲ್ಲ."

ಅಪ್ಪ ಫೋನಿಟ್ಟು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನಿನ್ನ ಬಾಯಿಗೆ ಇವತ್ತು ಒಂದು ಕೆಲಸ ಸಿಕ್ತು. ಹೋಗು. ಸೀರೆ ಇಲ್ದೆ ವಾಪಸ್ ಬರಬ್ಯಾಡ."

ತಳಕು ದಾಟುವ ತನಕ ಬಸ್ಸಿನಲ್ಲಿ ಇದೇ ಮಾತು. ಟಿಕೆಟು ಹರಿಯುವ ಕಂಡಕ್ಟರು ನನ್ನನ್ನು ಗುರುತು ಹಿಡಿದು, "ಲೇ, ಒಂದ್ಸಲ ಆ ಅತ್ತೆ ದನಿ ತೆಗಿಯಲೇ, ಕಿವಿ ತಣ್ಣಗಾಗ್ಲಿ," ಎಂದ. ತೆಗೆದೆ. ಹಿಂದಿನ ಸೀಟಿನಲ್ಲಿ ಯಾರೋ ಮೂಗು ಸೀಟಿದರು.

ದೊಡ್ಡವ್ವನ ಮನೆಯಲ್ಲಿ ಮಗ್ಗ ಹೊರಕೋಣೆಯಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವಂಥದ್ದು. ಟಿವಿ ಒಳಕೋಣೆಯಲ್ಲಿ. ನಡುವೆ ಗೋಡೆ. ಹಾಗಾಗಿ ಮೂರು ವರ್ಷವೂ ದೊಡ್ಡವ್ವ ಆ ಧಾರಾವಾಹಿಯನ್ನು ನೋಡಿರಲೇ ಇಲ್ಲ. ನೇಯುತ್ತಾ ಕೇಳಿದ್ದಳು ಅಷ್ಟೇ. ದೊಡ್ಡಪ್ಪನಿಗೆ ಕಿವಿ ಪೂರ್ತಿ ಮಂದ; ಅವನು ಟಿವಿಯ ಮುಂದೆ ಕೂತು ಬರೀ ನೋಡಿದ್ದ. ಇಬ್ಬರೂ ಸೇರಿದರೆ ಒಂದು ಧಾರಾವಾಹಿ.

"ಬಾರಲೇ. ಕಾಲು ತೊಳ್ಕ. ಉಣ್ಣು. ಸೀರೆ ಮಾತು ಮಾತ್ರ ಎತ್ತಬ್ಯಾಡ," ಎಂದಳು ದೊಡ್ಡವ್ವ. ಮಗ್ಗದ ಮೇಲೆ ಕೆಂಪು ಒಡಲು ಹಾಗೇ ಬಿಗಿದು ನಿಂತಿತ್ತು.

ಆ ಮನೆಯಲ್ಲೊಂದು ಪದ್ಧತಿ. ಮದುವೆ ಸೀರೆಯ ಸೆರಗು ಶುರುಮಾಡುವ ದಿನ ಮನೆಯಲ್ಲಿ ಯಾರದೇ ಕೆಟ್ಟ ಸುದ್ದಿ ಇರಬಾರದು. ಜಗಳವಿದ್ದರೆ ತೀರಬೇಕು, ಕಾಯಿಲೆಯಿದ್ದರೆ ಇಳಿಯಬೇಕು. ಇಲ್ಲದಿದ್ದರೆ ಅದು ಉಟ್ಟವಳ ಬೆನ್ನಿಗೆ ಬೀಳುತ್ತದೆ ಎಂದು ಅವರ ನಂಬಿಕೆ. ಪಕ್ಕದ ಮನೆಯವರಿಂದ ನೇಯಿಸೋಣವೆಂದರೆ, ಕೈ ಬದಲಾದರೆ ಬಡಿತ ಬದಲಾಗುತ್ತದೆ, ಬಟ್ಟೆಯಲ್ಲಿ ಗೆರೆ ಎದ್ದು ಕಾಣುತ್ತದೆ. ಒಂದು ಸೀರೆಗೆ ಒಂದೇ ಕೈ.

ಒಳಗೆ ದೊಡ್ಡಪ್ಪ ಮರುಪ್ರಸಾರದಲ್ಲಿ ಬದನೆಕಾಯಿಯವಳನ್ನು ಸಂತೋಷವಾಗಿ ನೋಡುತ್ತಿದ್ದ. ನನ್ನನ್ನು ಕಂಡು ಹೇಳಿದ: "ನಿಮ್ ದೊಡ್ಡವ್ವಂಗೆ ಹೇಳಿದ್ರೆ ನಂಬಲ್ಲ. ಸೊಸೆ ಕೇಸು ಗೆದ್ದು ಮನೆಗೆ ಬಂದ್ಲು. ನೋಡು, ಎಣ್ಣೆಗಾಯಿ ಮಾಡ್ತಾವ್ಳೆ."

"ಮುಖ ಬೇರೆ ಐತಲ್ಲ ದೊಡ್ಡಪ್ಪ," ಎಂದು ಅವನ ಕಿವಿಗೆ ಕೂಗಿದೆ.

"ಕೋರ್ಟಿಗೆ ಅಲೆದ್ರೆ ಮುಖ ಬೇರೆ ಆಗಲ್ವೇನಲೇ?"

ಹೊರಗಿನಿಂದ ದೊಡ್ಡವ್ವ, "ದನಿ ಅವಳದಲ್ಲ," ಎಂದಳು. ಆ ಮಾತಿಗೆ ಅಪೀಲಿರಲಿಲ್ಲ.

ಸಂಜೆ ಅದೇ ಹೊತ್ತಿಗೆ ನಾನು ಟಿವಿ ಆರಿಸಿ, ಅದೇ ಗೋಡೆಯ ಹಿಂದೆ ಕೂತೆ. ದೊಡ್ಡವ್ವ ಗುಂಡಿಗೆ ಇಳಿದು ನೂಲಿನ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಸುದ್ದಿ ತಿಳಿದು ಓಣಿಯ ಹೆಂಗಸರು ಹೊಸ್ತಿಲ ಮೇಲೆ ಕೂತರು. ನಾನು ಸೊಸೆಯ ದನಿಯಲ್ಲಿ ನಿಜ ಹೇಳಿಸಿ, ಒಂದೇ ಉಸಿರಿನಲ್ಲಿ ಕೇಸು ಗೆಲ್ಲಿಸಲು ಹೊರಟೆ.

"ಇಷ್ಟು ಬಿರ್ನೆ ಆಗಲ್ಲ," ಎಂದಳು ದೊಡ್ಡವ್ವ ಗೋಡೆಯಾಚೆಯಿಂದ. "ಜಾಹೀರಾತೂ ಬಂದಿಲ್ಲ."

ಬಟ್ಟೆ ಸೋಪಿನ ಜಾಹೀರಾತು ಹಾಡಿದೆ. ತಲೆನೋವಿನ ಗುಳಿಗೆ ಮಾರಿದೆ. ಹೆಂಗಸರು ನಕ್ಕರು. ಅದೇ ಕೆಟ್ಟದ್ದು, ನಾಲ್ಕು ಜನ ನಕ್ಕರೆ ನನಗೆ ಲಗಾಮು ಇರುವುದಿಲ್ಲ. ಅತ್ತೆಯನ್ನು ಕೋರ್ಟಿಗೆ ಕರೆತಂದು ಕೆಮ್ಮಿಸಿದೆ. ಅತ್ತೆಯ ಕೆಮ್ಮು ನನ್ನ ಕಸುಬಿನ ಕಿರೀಟ. ಅವತ್ತು ಅದು ಎಷ್ಟು ಚೆನ್ನಾಗಿ ಬಂತೆಂದರೆ ನಿಲ್ಲಿಸಲು ಮನಸ್ಸೇ ಆಗಲಿಲ್ಲ. ಕೆಮ್ಮಿ, ಕೆಮ್ಮಿ, ಅವಳು ಕೋರ್ಟಿನ ನೆಲಕ್ಕೆ ಬಿದ್ದಳು. ಹೊಸ್ತಿಲಲ್ಲಿ ಸದ್ದಡಗಿತು. ಆ ಮೌನದ ರುಚಿಗೆ ಬಿದ್ದು ಡಾಕ್ಟರ ದನಿಯಲ್ಲಿ, "ಐ ಆಮ್ ಸಾರಿ," ಎಂದುಬಿಟ್ಟೆ.

"ಹೋದ್ಲಾ?" ಎಂದಳು ದೊಡ್ಡವ್ವ.

"ಹೋದ್ಲು," ಎಂದೆ, ಹೆಮ್ಮೆಯಿಂದ.

ಲಾಳಿ ಕೆಳಗಿಟ್ಟ ಸದ್ದು ಕೇಳಿಸಿತು. ಬಂದು ನೋಡಿದರೆ ಅವಳು ಗುಂಡಿಯಿಂದೆದ್ದು ಮಗ್ಗದ ಮೇಲೆ ಬಟ್ಟೆ ಹೊದಿಸುತ್ತಿದ್ದಳು. "ಸೂತಕ," ಎಂದಳು. "ಇನ್ನು ಮುಟ್ಟಂಗಿಲ್ಲ."

"ದೊಡ್ಡವ್ವ, ಅದು ಧಾರಾವಾಹಿ."

"ಗೊತ್ತೈತೆ. ನಾನೇನು ದಡ್ಡಿನಾ?"

"ಮತ್ತೆ?"

"ಮೂರು ವರ್ಷ ದಿನಾ ಈ ಮನೇಲಿ ಮಾತಾಡಿದೋಳು ಅವ್ಳು. ನನ್ ಸ್ವಂತ ನಾದಿನಿ ವರ್ಷಕ್ಕೊಂದ್ಸಲ ಬಂದು ಕಾಫಿ ಕುಡ್ದು ಹೋಗ್ತಾಳೆ. ಆಕೆ ಸತ್ರೆ ಸೂತಕ ಹಿಡೀಬೇಕು, ಇವ್ಳಿಗೆ ಬ್ಯಾಡ್ವಾ?"

"ಸತ್ತಿಲ್ಲ, ಬರೀ ಮೂರ್ಛೆ," ಎಂದೆ.

"ನಿನ್ ಡಾಕ್ಟ್ರೇ ಹೇಳಿದ್ನಲ್ಲ." ಕೋಪ ಬಂದರೆ ಅವಳು ಆ ಸೀಮೆಯ ಎಲ್ಲರಂತೆ ತೆಲುಗಿಗೆ ಇಳಿಯುತ್ತಿದ್ದಳು. "ಪೋರಾ," ಎಂದು ನನ್ನನ್ನು ಅಟ್ಟಿ, ಹೊಸ್ತಿಲಿನವರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಕೊಂದೋನೇ ಬದುಕಿಸ್ತಾನಂತೆ."

ಒಂದು ಕೆಮ್ಮಿಗೆ ಒಬ್ಬ ಹುಡುಗಿಯ ಧಾರೆ ಸೀರೆ ಹೋಯಿತು. ಸೂತಕ ಮುಗಿಯುವ ಹೊತ್ತಿಗೆ ಅವಳು ಗಂಡನ ಮನೆ ಸೇರಿರುತ್ತಾಳೆ. ಅಪ್ಪನಿಗೆ ಏನು ಹೇಳುವುದು, ಯಾರ ದನಿಯಲ್ಲಿ ಹೇಳುವುದು, ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಜೀಪು ನಿಂತಿತು. ಹುಡುಗಿಯ ತಾಯಿ ನನ್ನಿವಾಳದಿಂದ ಸೀರೆ ನೋಡಲು ಖುದ್ದಾಗಿ ಬಂದಿದ್ದರು. ಮುಚ್ಚಿದ ಮಗ್ಗವನ್ನು ಕಂಡು ಅವರ ಮುಖ ಬಿಳಿಚಿತು.

"ಯಾಕ್ರಿ, ಬಟ್ಟೆ ಹೊದ್ಸೀರಿ?"

"ಏನ್ ಹೇಳ್ಲಿ ತಾಯಿ. ಸಾವಾಗೈತೆ."

"ಅಯ್ಯೋ ಶಿವನೇ. ಯಾರ್ರಿ?"

"ಹಿರಿಸೊಸೆ ಅತ್ತೆ."

ಈಗ ಬೈಗುಳ ಬೀಳುತ್ತದೆಂದು ನಾನು ಬಾಗಿಲ ಸಂದಿಗೆ ಸರಿದೆ. ಅವರು ಮೆಲ್ಲಗೆ ನೆಲದ ಮೇಲೆ ಕೂತರು.

"ಯಾವಾಗ್ರಿ? ನಮ್ ಕಡೆ ಕೇಬಲ್ಲಲ್ಲಿ ಬರೀ ಬದ್ನೇಕಾಯಿ ಬರ್ತೈತಲ್ರಿ."

"ನಿನ್ನೆ ಸಂಜೆ. ಇವನ ಬಾಯಲ್ಲಿ," ಎಂದು ದೊಡ್ಡವ್ವ ನನ್ನನ್ನು ತೋರಿಸಿದಳು.

ಅವರು ನನ್ನನ್ನು ದಿಟ್ಟಿಸಿದರು. ನಾನು ಯಾರು, ಹೇಗೆ ಎಂದು ಒಂದೂ ಕೇಳಲಿಲ್ಲ. "ಸಾಯೋ ಮುಂಚೆ ಸೊಸೇನ ಕ್ಷಮಿಸಿದ್ಲೇನಪ್ಪಾ?" ಎಂದರು.

ನಾನು ನಗಬೇಕಿತ್ತು. ಅವರ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಆ ಅತ್ತೆ ಮೂರು ವರ್ಷದಲ್ಲಿ ಯಾರನ್ನೂ ಕ್ಷಮಿಸಿದವಳಲ್ಲ. ನಕಲು ಮಾಡಲು ಮಾತೇ ಇರಲಿಲ್ಲ. ಕೊನೆಗೆ ಅವಳ ದನಿಯಲ್ಲಿ, ಕೆಮ್ಮದೆ, ಹೇಳಿದೆ: "ತಗೊಳ್ಳಮ್ಮಾ, ಬೀಗದ ಕೈ. ನೀನು ಬಂದ ದಿನವೇ ಕೊಡಬೇಕಿತ್ತು."

ಅವರು ಕಣ್ಣೊರೆಸಿಕೊಂಡರು. "ನನ್ ಮಗಳು ಹೋಗೋ ಮನೇಲೂ ಬೀಗದ ಕೈ ಅತ್ತೆ ಸೊಂಟದಾಗೇ ಐತೆ," ಎಂದರು, ಯಾರಿಗೂ ಅಲ್ಲ ಎನ್ನುವಂತೆ. ಆಮೇಲೆ ದೊಡ್ಡವ್ವನ ಕಡೆ ತಿರುಗಿದರು. "ಅಲ್ರಿ, ಒಂದು ಮಾತು. ಮೂರು ವರ್ಷ ನೀವು ಕಣ್ಣೀರು ಹಾಕಿದ್ದು ಯಾರ ಕಡೆಗೆ?"

"ಸೊಸೆ ಕಡೆಗೆ. ಇನ್ಯಾರ ಕಡೆಗೆ?"

"ಅಂದ್ರೆ ನೀವು ತವರಿನೋರು. ಬೀಗಿತ್ತಿ ಸತ್ರೆ ತವರಿನೋರಿಗೆ ಎಲ್ಲಿ ಸೂತಕ? ತಲೆಗೆ ನೀರು ಹಾಕ್ಕಂಡ್ರೆ ಮುಗೀತು."

ನೆಂಟಸ್ತಿಕೆಯ ಲೆಕ್ಕ ದೊಡ್ಡವ್ವನಿಗೆ ಪಟ್ಟಾಗಿ ಕೂತಿತು. "ಹೌದಲ್ರಿ," ಎಂದು ಬಚ್ಚಲಿಗೆ ಎದ್ದಳು. ಅವಳ ಹಿಂದೆ ಆ ತಾಯಿಯೂ ಸ್ನಾನ ಮಾಡಿದರು. ಸತ್ತದ್ದು ನನ್ನ ಬಾಯಲ್ಲೇ ಆದ್ದರಿಂದ ನನ್ನ ತಲೆಗೂ ತಣ್ಣೀರು ಸುರಿದರು. ದೊಡ್ಡಪ್ಪ ಏನೆಂದು ಕೇಳದೆ ತಾನೂ ಸ್ನಾನ ಮಾಡಿ, ಹಬ್ಬವೇನೋ ಎಂದು ಹೊಸ ಪಂಚೆ ಉಟ್ಟುಕೊಂಡು ಬಂದ.

ದೊಡ್ಡವ್ವ ಗುಂಡಿಗೆ ಇಳಿದು ಜರಿಯ ಎಳೆ ಕೂಡಿಸಿದಳು. "ಈಗ ಆ ಹುಡುಗಿನ ಕಟಕಟೆಯಿಂದ ಇಳಿಸು," ಎಂದಳು.

ಇಳಿಸಬೇಕಾದವರು ಜಡ್ಜು. ಮೂರು ವರ್ಷದಲ್ಲಿ ಜಡ್ಜು ತುಟಿ ಬಿಚ್ಚಿರಲಿಲ್ಲ. ಕದಿಯಲು ದನಿಯೇ ಇಲ್ಲ. ಮತ್ತೆ ಗೋಡೆಯ ಹಿಂದೆ ಕೂತು, ಬೇರೆ ದಾರಿ ಕಾಣದೆ ನನ್ನದೇ ದನಿಯಲ್ಲಿ ಶುರುಮಾಡಿದೆ. ಅದು ನೆನೆದ ಮೇಕೆಮರಿಯ ಹಾಗೆ ಹೊರಟು ನಾನೇ ಬೆಚ್ಚಿದೆ.

"ಇದ್ಯಾರು?" ಎಂದಳು ದೊಡ್ಡವ್ವ.

"ಜಡ್ಜು."

"ಪಾಪ, ಹೊಸಬ್ರು ಇರ್ಬೇಕು," ಎಂದರು ಆ ತಾಯಿ. "ಹೇಳ್ಲಿ ಬಿಡ್ರಿ."

ಸೊಸೆ ನಿರ್ದೋಷಿ ಎಂದೆ. ಮಗ್ಗದ ಹಲಗೆ ಬಡಿಯಿತು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿತು. ನಾನು ಎದ್ದು ನಿಂತೆ, ಮುಗಿಯಿತೆಂದು.

"ಎಲ್ಲಿಗೆ?" ಎಂದಳು ದೊಡ್ಡವ್ವ, ಕೈ ನಿಲ್ಲಿಸದೆ. "ಕಾರಣ ಹೇಳದೆ ಬಿಡ್ತಾರಾ? ಸೆರಗಿನ್ನೂ ಒಂದು ಬೆರಳೂ ಆಗಿಲ್ಲ. ನಿಧಾನಕ್ಕೆ ಓದು."

ಅವತ್ತು ಸಂಜೆಯವರೆಗೆ, ಮರುದಿನ ಊಟದ ಹೊತ್ತಿನವರೆಗೆ ತೀರ್ಪು ಓದಿದೆ. ಆ ತಾಯಿ ಜೀಪು ವಾಪಸ್ ಕಳಿಸಿ ರಾತ್ರಿ ಅಲ್ಲೇ ಉಳಿದರು. ಕಾನೂನು ಗೊತ್ತಿರಲಿಲ್ಲವಾದ್ದರಿಂದ ಫೇಲಾದ ಪರೀಕ್ಷೆಯ ಪಾಠಗಳನ್ನೆಲ್ಲ ತೀರ್ಪಿಗೆ ತುಂಬಿದೆ. ಪರೀಕ್ಷೆಯಲ್ಲಿ ನೆನಪಾಗದ್ದು ಕೂಡ ಗೋಡೆಯಾಚೆ ಲಾಳಿ ಓಡುತ್ತಿದ್ದರೆ ನೆನಪಾಗುತ್ತಿತ್ತು. ಕೆಂಪು ಸೀರೆಯನ್ನು ಮಗ್ಗದಿಂದ ಕತ್ತರಿಸುವ ಹೊತ್ತಿಗೆ ನನ್ನ ಗಂಟಲು ಪೂರ್ತಿ ಬಿದ್ದುಹೋಗಿ, ಅತ್ತೆ, ಸೊಸೆ, ವಕೀಲ, ನಾನು, ಯಾರ ದನಿಯೂ ಹೊರಡುತ್ತಿರಲಿಲ್ಲ. ಆ ತಾಯಿ ಸೆರಗನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು, ಕಣ್ಣಿಗೊತ್ತಿಕೊಂಡರು.