ಶರಣಮ್ಮ ಹೇಳಿದ ದೌಲತಾಬಾದ್

ಕೋವಿಡ್ ಕಾಲ ಕಳೆದು ತರಗತಿಗಳು ಮತ್ತೆ ಭರ್ತಿಯಾದ ವರ್ಷ ಅದು. ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾಗಿದ್ದ ನಾನು ಬೆಂಗಳೂರಿನ ವಿಜಯನಗರ ಬಡಾವಣೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಇತಿಹಾಸದ ಉಪನ್ಯಾಸಕನಾಗಿದ್ದೆ. ಮನೆ ರಾಜಾಜಿನಗರ. ಬೆಳಿಗ್ಗೆ ಏಳಕ್ಕೆ ಮೊದಲ ಕ್ಲಾಸು. ನಿವೃತ್ತಿಯ ಮೇಲೆ ಸುಮ್ಮನೆ ಕೂರಲಾಗದ ಜಾತಿ ನನ್ನದು. ಮನೆಯಲ್ಲಿದ್ದರೆ ನನ್ನ ಹೆಂಡತಿಗೂ ಪಾಠ ಶುರುಮಾಡುತ್ತೇನೆಂದು ಅವಳೇ ನನ್ನನ್ನು ಹೊರಗೆ ದಬ್ಬಿದ್ದಳು.

ವಿಜಯನಗರದ ಈ ಲೋಕ ಗೊತ್ತಿಲ್ಲದವರಿಗೆ ಒಂದು ಮಾತು. ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುವವರು ರಾಜ್ಯದ ಎಲ್ಲ ಕಡೆಯಿಂದ ಇಲ್ಲಿಗೆ ಬರುತ್ತಾರೆ. ಪಿಜಿಯಲ್ಲಿ ಒಂದು ಮಂಚ, ರೀಡಿಂಗ್ ರೂಮಿನಲ್ಲಿ ತಿಂಗಳ ಲೆಕ್ಕದಲ್ಲಿ ಒಂದು ಕುರ್ಚಿ, ಮೂಲೆಮೂಲೆಗೂ ಒಂದು ಜೆರಾಕ್ಸ್ ಅಂಗಡಿ. ಮೇಷ್ಟ್ರುಗಳು ಕೈಯಲ್ಲಿ ಬರೆದ ನೋಟ್ಸ್ ಪಠ್ಯಪುಸ್ತಕಕ್ಕಿಂತ ಹೆಚ್ಚು ಓಡುತ್ತದೆ. ಅದರಲ್ಲಿ ಇದ್ದದ್ದೇ ಸತ್ಯ ಎಂದು ನಂಬಿ ಓದುತ್ತಾರೆ.

ನನ್ನ ಹೆಸರು ಓಡಿದ್ದು ‘ಒಂದು ವರ್ಷದ ಕ್ಲಾಸ್’ ಎಂಬ ಪಾಠದಿಂದ. ರಾಜವಂಶಗಳನ್ನು ಒಂದರ ಹಿಂದೊಂದು ಉರು ಹೊಡೆಸುವ ಬದಲು, ಮಧ್ಯಯುಗದ ಯಾವುದಾದರೂ ಒಂದು ವರ್ಷ ಹಿಡಿದು, ಆ ವರ್ಷ ಜಗತ್ತಿನಲ್ಲೆಲ್ಲ ಏನಾಗುತ್ತಿತ್ತು ಎಂದು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯುತ್ತಿದ್ದೆ. ಅದರಲ್ಲಿ 1347 ನನ್ನ ಮುದ್ದಿನ ವರ್ಷ. ಕಪ್ಪು ಸಮುದ್ರದ ಕಡೆಯಿಂದ ಹಡಗು ಹತ್ತಿದ ಪ್ಲೇಗ್ ಕಾನ್‌ಸ್ಟಾಂಟಿನೋಪಲ್ ದಾಟಿ ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸಿನಾ ಬಂದರಿಗೆ ಇಳಿಯಿತು. ದೆಹಲಿಯ ಮಹಮ್ಮದ್ ಬಿನ್ ತುಘಲಕ್ ಒಂದು ದಂಗೆ ಆರಿಸುವಷ್ಟರಲ್ಲಿ ಇನ್ನೊಂದು ದಂಗೆಯ ಕಡೆ ಓಡುತ್ತಿದ್ದ. ಇಲ್ಲಿ ದಕ್ಷಿಣದಲ್ಲಿ ಹರಿಹರ ವಿಜಯನಗರದ ಬುಡ ಗಟ್ಟಿ ಮಾಡಿಕೊಳ್ಳುತ್ತಿದ್ದ. ಇಷ್ಟು ಹೇಳಿ, ಸ್ವಲ್ಪ ತಡೆದು, ನನ್ನ ಅಸ್ತ್ರ ಬಿಡುತ್ತಿದ್ದೆ: ‘ಆಗಸ್ಟ್ ತಿಂಗಳ ಮೊದಲ ವಾರ. ಆ ಕಡೆ ಫ್ರಾನ್ಸಿನ ಕ್ಯಾಲೆ ಊರು ಹನ್ನೊಂದು ತಿಂಗಳ ಮುತ್ತಿಗೆಗೆ ಸೋತು ಇಂಗ್ಲೆಂಡಿನ ದೊರೆಗೆ ಕೀಲಿಕೈ ಒಪ್ಪಿಸುತ್ತಿದೆ. ಅದೇ ಹೊತ್ತಿಗೆ ನಮ್ಮ ಗುಲ್ಬರ್ಗಾದಲ್ಲಿ ಅಲಾವುದ್ದೀನ್ ಹಸನ್ ಪಟ್ಟಕ್ಕೇರಿ ಬಹಮನಿ ರಾಜ್ಯ ಶುರುವಾಗುತ್ತಿದೆ!’ ‘ನಮ್ಮ ಗುಲ್ಬರ್ಗಾ’ ಎಂದ ಕೂಡಲೇ ಹಿಂದಿನ ಬೆಂಚುಗಳಲ್ಲಿದ್ದ ಉತ್ತರ ಕರ್ನಾಟಕದ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ನನಗೆ ಬಹಳ ಇಷ್ಟ.

ಪರೀಕ್ಷೆ ಭಾನುವಾರ ಇತ್ತು. ಅದರ ಹಿಂದಿನ ಬುಧವಾರ, ನೂರಿಪ್ಪತ್ತು ಜನ ಕೂತಿದ್ದ ರಿವಿಷನ್ ಕ್ಲಾಸಿನಲ್ಲಿ ಈ ಮಾತು ಆಡಿ ಚಪ್ಪಾಳೆ ಕಾಯುತ್ತಿದ್ದಾಗ ಮೂರನೇ ಸಾಲಿನಲ್ಲಿ ಒಂದು ಕೈ ಎದ್ದಿತು. ಶರಣಮ್ಮ. ಕಲಬುರಗಿ ಕಡೆಯವಳು. ಮೂವತ್ತು ದಾಟಿದ ವಯಸ್ಸು, ಹೆಚ್ಚು ಮಾತಿಲ್ಲದ ಹೆಣ್ಣುಮಗಳು.

‘ಸರ್, ಪಟ್ಟ ದೌಲತಾಬಾದಿನ್ಯಾಗ ಆಗ್ಯಾದ್ರಿ. ರಾಜಧಾನಿ ನಮ್ಮೂರಿಗಿ ಆಮ್ಯಾಲ ಬಂದದ.’

ಸುಮ್ಮನೆ ‘ನೋಡಿ ಹೇಳ್ತೀನಿ’ ಎನ್ನಬಹುದಿತ್ತು. ಚಪ್ಪಾಳೆ ತಪ್ಪಿದ ಸಿಟ್ಟು ನೆತ್ತಿಗೇರಿತ್ತು.

‘ಏನಮ್ಮ, ನಿನ್ನ ಊರಿಗೆ ಕೊಟ್ಟ ಕಿರೀಟಾನೂ ವಾಪಸ್ ಕಳಿಸ್ತಿದೀಯಲ್ಲ! ಇಷ್ಟೆಲ್ಲ ಗೊತ್ತಿರೋಳಿಗೆ ನಾಲ್ಕು ಸಲ ಬರೆದ್ರೂ ಯಾಕೆ ಆಗ್ಲಿಲ್ಲ? ಕೂತ್ಕೋ.’

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ಕೂತಳು. ತನ್ನ ಪುಸ್ತಕದಲ್ಲಿ ಏನನ್ನೋ ಹೊಡೆದುಹಾಕಿ ಬೇರೆ ಬರೆದುಕೊಂಡದ್ದು ನನಗೆ ಬೋರ್ಡಿನ ಹತ್ತಿರದಿಂದಲೇ ಕಂಡಿತು. ಗೆದ್ದೆ ಅಂದುಕೊಂಡೆ.

ಗೆದ್ದವನಿಗೆ ಮನೆಯಲ್ಲಿ ಊಟ ಸೇರಬೇಕಲ್ಲ, ಸೇರಲಿಲ್ಲ. ಮಧ್ಯಾಹ್ನವೆಲ್ಲ ಆ ಹೆಣ್ಣುಮಗಳ ಪೆನ್ನು ಕಣ್ಣಿಗೆ ಕಟ್ಟಿತ್ತು. ಸಂಜೆ ಅಟ್ಟದಿಂದ ಕಾಲೇಜಿನ ಕಾಲದ ಹಳೆಯ ಟಿಪ್ಪಣಿಗಳನ್ನು ಇಳಿಸಿದೆ. ಬಹಮನಿ ಪುಟದಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ನನ್ನದೇ ಅಕ್ಷರ: ‘ಪಟ್ಟಾಭಿಷೇಕ ದೌಲತಾಬಾದ್. ನಂತರ ರಾಜಧಾನಿ ಗುಲ್ಬರ್ಗಾ.’ ನನಗೆ ಗೊತ್ತಿತ್ತು. ವರ್ಷ ವರ್ಷವೂ ಮಾತಿಗೆ ಒಗ್ಗರಣೆ ಹಾಕುತ್ತಾ ಹಾಕುತ್ತಾ, ಚಪ್ಪಾಳೆ ಬರುವ ಕಡೆಗೆ ಪಟ್ಟಾಭಿಷೇಕವನ್ನೇ ಎತ್ತಿಕೊಂಡು ಹೋಗಿದ್ದೆ, ಜೆರಾಕ್ಸ್ ಅಂಗಡಿಗೆ ಕೊಟ್ಟ ನೋಟ್ಸಿನಲ್ಲೂ ಹಾಗೇ ಬರೆದಿದ್ದೆ. ನಾಚಿಕೆಯಾಯಿತು.

ನಿಜವಾದ ಭಯ ಹುಟ್ಟಿದ್ದು ಆಮೇಲೆ. ಆ ಪರೀಕ್ಷೆಯಲ್ಲಿ ನೆಗೆಟಿವ್ ಮಾರ್ಕಿಂಗ್ ಇತ್ತು. ಅಂದರೆ ತಪ್ಪು ಉತ್ತರ ಗುರುತು ಹಾಕಿದರೆ ಆ ಅಂಕ ಬರುವುದಿಲ್ಲ, ಜೊತೆಗೆ ಕಾಲು ಅಂಕ ಕಡಿತ. ನೂರು ಪ್ರಶ್ನೆಯಲ್ಲಿ ಒಂದೊಂದು ಅಂಕಕ್ಕೂ ಸಾವಿರಾರು ಜನ ಸಾಲು ನಿಂತಿರುತ್ತಾರೆ. ಶರಣಮ್ಮನಿಗೆ ಸರಿ ಉತ್ತರ ಗೊತ್ತಿತ್ತು, ನನ್ನ ಮಾತು ಕೇಳಿ ಅದನ್ನು ಹೊಡೆದುಹಾಕಿದ್ದಳು. ಭಾನುವಾರ ಆ ಪ್ರಶ್ನೆ ಬಂದುಬಿಟ್ಟರೆ?

ಗುರುವಾರ ಕೊನೆಯ ಕ್ಲಾಸು. ತಪ್ಪೊಪ್ಪಿಕೊಳ್ಳಬೇಕೆಂದೇ ಹೋದೆ. ಮೂರನೇ ಸಾಲಿನಲ್ಲಿ ಅವಳ ಜಾಗ ಖಾಲಿ. ಅವಳೇ ಇಲ್ಲದ ಮೇಲೆ ಯಾರ ಮುಂದೆ ಒಪ್ಪಿಕೊಳ್ಳುವುದು ಎಂದು ಕುಂಟುನೆಪ ತೆಗೆದು, ‘ಬಹಮನಿ ಪಟ್ಟಾಭಿಷೇಕ ದೌಲತಾಬಾದ್ ಅಂತ ತಿದ್ಕೊಳ್ಳಿ. ಪ್ರಿಂಟ್ ಮಿಸ್ಟೇಕ್’ ಎಂದು ಗಡಿಬಿಡಿಯಲ್ಲಿ ಹೇಳಿ ಮುಂದಕ್ಕೆ ಹೋದೆ. ಅವಳ ಫೋನ್ ಸ್ವಿಚ್ ಆಫ್. ಪರೀಕ್ಷೆ ಹತ್ತಿರ ಬಂದಾಗ ಎಷ್ಟೋ ಜನ ಹೀಗೆ ಫೋನ್ ಮುಚ್ಚಿಡುತ್ತಾರೆ.

ಶುಕ್ರವಾರವನ್ನು ನಾನು ಜೆರಾಕ್ಸ್ ಅಂಗಡಿಗಳಿಗೆ ಬಲಿಕೊಟ್ಟೆ. ಮೆಟ್ರೋ ಸ್ಟೇಷನ್ನಿನಿಂದ ಮಾರುಕಟ್ಟೆಯವರೆಗೆ ನನ್ನ ನೋಟ್ಸ್ ಇಟ್ಟಿದ್ದ ಒಂಬತ್ತು ಅಂಗಡಿ ಹತ್ತಿಳಿದು, ಮೂಲಪ್ರತಿ ಈಸಿಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿದೆ. ಆರನೇ ಅಂಗಡಿಯ ರಮೇಶ ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದ.

‘ಸಾರ್, ಪ್ರಿಂಟ್ ಮಿಸ್ಟೇಕ್ ಅಂದ್ರಂತೆ? ಹುಡುಗ್ರು ಬಂದು ನನ್ನ ಬಯ್ತಾವ್ರೆ. ಇದು ನಿಮ್ಮ ಕೈಬರಹ ಅಲ್ವಾ ಸಾರ್? ನಾನು ಬರೀ ಜೆರಾಕ್ಸ್ ಹೊಡ್ದಿದ್ದು.’

‘ಕಾಫಿ ಕುಡೀತೀಯೇನೋ’ ಎಂದೆ. ಅವನು ನಕ್ಕು ಮತ್ತೆ ಮೆಷಿನ್ ಶುರುಮಾಡಿದ. ಇಷ್ಟೆಲ್ಲ ಓಡಾಟ ಮಾಡಿದ್ದು ಅವಳನ್ನು ಹುಡುಕುವುದಕ್ಕಿಂತ ಕಾಗದ ತಿದ್ದುವುದು ಸುಲಭ ಅನ್ನುವ ಕಾರಣಕ್ಕೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಶನಿವಾರ ಬೆಳಿಗ್ಗೆ ಅವಳ ರೀಡಿಂಗ್ ರೂಮಿಗೆ ಹೋದೆ. ಕುರ್ಚಿ ಬಿಟ್ಟು ಹೋಗಿ ಎರಡು ದಿನವಾಯಿತು, ಲಗ್ಗೆರೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಳೆ ಎಂದರು. ವಿಳಾಸ ಬರೆದುಕೊಂಡು ಆಟೋ ಹತ್ತಿದೆ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಾನು ಐದು ಸಲ ಗಡಿಯಾರ ನೋಡಿದ್ದಕ್ಕೆ ಆಟೋದವನು ‘ಆಸ್ಪತ್ರೆಗಾ ಸಾರ್?’ ಅಂತ ಕೇಳಿದ.

ಎರಡನೇ ಮಹಡಿಯ ಪುಟ್ಟ ಮನೆ. ಬಾಗಿಲು ತೆರೆದವಳು ಅಕ್ಕ ಭಾಗಮ್ಮ. ಗಾರ್ಮೆಂಟ್ಸ್ ಕೆಲಸಕ್ಕೆ ರಜ ಹಾಕಿ, ತಂಗಿಗೆ ಬಿಸಿ ಅಡುಗೆ ಮಾಡಿ ಹಾಕಲೆಂದು ಮನೆಯಲ್ಲಿ ಉಳಿದಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಕುರ್ಚಿ ಒರೆಸಿದಳು.

‘ಕೂಡ್ರಿ ಸರ್. ನಾಳಿನ ಪರೀಕ್ಷಾ ಸೆಂಟರ್ ಎಲ್ಲದ ನೋಡಿ ಬರ್ತೀನಂತ ಹೋಗ್ಯಾಳ. ಅರ್ಧ ತಾಸಿನ್ಯಾಗ ಬರ್ತಾಳ. ಚಹಾ ಮಾಡ್ತೀನಿ.’ ಒಳಗೆ ಹೋಗುತ್ತಿದ್ದವಳು ತಿರುಗಿ ನಿಂತಳು. ‘ಇದು ಆಕಿದು ಕೊನೀ ಸಲರಿ. ವಯಸ್ಸು ಮುಗಿತದ. ನಿಮ್ಮ ಮ್ಯಾಲ ಭಾಳ ಭರೋಸ ಅದರಿ ಆಕಿಗಿ.’

ಆ ಮಾತು ಕೇಳಿದ ಮೇಲೆ ಕೂರಬೇಕಿತ್ತು. ಕೂರಲಿಲ್ಲ. ಅರ್ಧ ಗಂಟೆ ಕಾದು, ಅವಳ ಮುಖ ನೋಡಿ, ಹೀಗಾಯಿತಮ್ಮ ಎನ್ನುವ ಧೈರ್ಯ ನನಗಿರಲಿಲ್ಲ. ಅವಳು ಮನೆಯಲ್ಲಿಲ್ಲ ಎಂದಾಗ ಒಳಗೊಳಗೇ ಸಮಾಧಾನವಾಗಿತ್ತು, ನಿಜ ಹೇಳಬೇಕೆಂದರೆ. ‘ಇಲ್ಲಮ್ಮ, ಕೆಲಸ ಇದೆ’ ಎಂದು, ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದುಕೊಟ್ಟೆ: ‘ತಿದ್ದುಪಡಿ: 1347, ಬಹಮನಿ ಪಟ್ಟಾಭಿಷೇಕ ದೌಲತಾಬಾದ್.’ ಕೆಳಗೆ ನನ್ನ ಸಹಿ. ನನಗೆ ಅವತ್ತು ಯಾವ ಕೆಲಸವೂ ಇರಲಿಲ್ಲ.

ಭಾನುವಾರ ಪರೀಕ್ಷೆ ಮುಗಿಯುವವರೆಗೆ ಮನೆಯೊಳಗೆ ಗಾಣದೆತ್ತಿನ ಹಾಗೆ ಸುತ್ತಿದೆ. ಹುಡುಗರಿಂದ ಪ್ರಶ್ನೆಪತ್ರಿಕೆ ಫೋನಿಗೆ ಬಂತು. ನೂರು ಪ್ರಶ್ನೆಯನ್ನೂ ಎರಡು ಸಲ ನೋಡಿದೆ. ಬಹಮನಿ ಪಟ್ಟಾಭಿಷೇಕ ಎಲ್ಲೂ ಇಲ್ಲ. 1347 ಅನ್ನುವ ಅಂಕಿಯೇ ಇಲ್ಲ. ಬದುಕಿದೆ ಎಂದು ಹೆಂಡತಿಗೆ ಹೇಳಿದೆ. ಅವಳು, ‘ನೀವು ಬದುಕಿದ್ರಿ, ಆ ಹುಡುಗಿ ಹೇಗೆ ಬರೆದ್ಲಂತೆ?’ ಎಂದಳು. ಅದನ್ನು ನಾನು ಕೇಳಿರಲಿಲ್ಲ.

ತಿಂಗಳುಗಳ ಮೇಲೆ ಆಯ್ಕೆಪಟ್ಟಿ ಬಂತು. ನಮ್ಮ ಸೆಂಟರಿನ ಒಂಬತ್ತು ಜನರ ಹೆಸರಿತ್ತು, ಶರಣಮ್ಮನ ಹೆಸರಿರಲಿಲ್ಲ. ಮರುದಿನವೇ ಲಗ್ಗೆರೆಗೆ ಹೋದೆ. ಅವಳು ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಲು ಸೇರಿದ್ದಳು, ಇನ್ನೂ ಬಂದಿರಲಿಲ್ಲ. ಈ ಸಲ ಕೂತು ಕಾದೆ. ಭಾಗಮ್ಮನ ಚಹಾ ಎರಡು ಲೋಟ ಆಯಿತು.

ಶರಣಮ್ಮ ಬಂದವಳು ನನ್ನನ್ನು ಕಂಡು ಗಾಬರಿಯಾದಳು. ನಾನು ಕೇಳಿದ್ದು ಇಷ್ಟು: ‘ಆ ಪ್ರಶ್ನೆ ಬರ್ಲಿಲ್ಲವಲ್ಲಮ್ಮ?’

‘ಇಲ್ರಿ ಸರ್, ಅದು ಬರಲಿಲ್ಲ. ಬ್ಯಾರೆ ಬಂದ್ವು.’ ಒಳಗೆ ಹೋಗಿ ಪ್ರಶ್ನೆಪತ್ರಿಕೆ ತಂದಳು. ಕೆಲವು ಪ್ರಶ್ನೆಗಳ ಪಕ್ಕದಲ್ಲಿ ಪೆನ್ಸಿಲ್ಲಿನ ಚುಕ್ಕೆ. ‘ಇವು ಇಪ್ಪತ್ತೆರಡು ಬಿಟ್ಟು ಬಂದೀನ್ರಿ. ಇದ್ರಾಗ ಹದಿನಾಲ್ಕು ನನಗ ಗೊತ್ತಿದ್ವು. ಪೆನ್ನು ಹಚ್ಚಲಿಕ್ಕಿ ಹೋದ್ರ, ನನಗ ಗೊತ್ತಿದ್ದು ಖರೇ ಅದನೋ ಇಲ್ಲೋ ಅಂತ ಕೈ ಹಿಂದ ಬರ್ತಿತ್ತು. ತಪ್ಪಾದ್ರ ಕಾಲು ಮಾರ್ಕ್ ಹೋಗ್ತದಲ್ರಿ. ಬಿಟ್ಟೆ.’

ಆಯ್ಕೆಗೆ ಅವಳಿಗೆ ಕಡಿಮೆ ಬಿದ್ದದ್ದು ಆರು ಅಂಕ.

‘ನನ್ನ ಚೀಟಿ ಸಿಕ್ಕಿರಲಿಲ್ವಾ?’

‘ಸಿಕ್ಕಿತ್ರಿ. ದೌಲತಾಬಾದ್ ಅಂತ ಬರ್ದಿದ್ರಿ. ನಾ ಹೇಳಿದ್ದು ಖರೇ ಅಂತ ಬರ್ದಿರಲಿಲ್ರಿ.’

ಕೋಪವಿಲ್ಲದ ಮಾತು, ಹಾಜರಿ ಹೇಳಿದಷ್ಟು ಸಹಜ. ‘ತಪ್ಪು ನಂದು ಕಣಮ್ಮ. ಇನ್ಮೇಲೆ ನೋಟ್ಸ್‌ನಲ್ಲಿ ಆ ಸಾಲಿನ ಪಕ್ಕ ನಿನ್ನ ಹೆಸರು ಹಾಕ್ತೀನಿ’ ಎಂದೆ.

‘ಈಗ ಹೆಸರು ಯಾಕ್ರಿ ಸರ್. ಅವತ್ತು ಅಷ್ಟು ಮಂದಿ ಮುಂದ ಹೌದು ಅಂದಿದ್ರ ಸಾಕಿತ್ತು.’

ಮೂವತ್ತೊಂದು ವರ್ಷ ಸರ್ಕಾರಿ ನೌಕರಿಯಲ್ಲಿ ಕಲಿಯದ ಪಾಠವನ್ನು ಲಗ್ಗೆರೆಯ ಆ ಮನೆಯಲ್ಲಿ ಕಲಿತೆ. ಮೇಷ್ಟ್ರ ಮಾತಿನಲ್ಲಿ ಇಸವಿ ತಪ್ಪಬಹುದು, ಊರು ತಪ್ಪಬಹುದು. ಅವನ್ನು ಕೆಂಪು ಪೆನ್ನಿನಲ್ಲಿ ತಿದ್ದಬಹುದು. ನಾಲ್ಕು ಸಲ ಬಿದ್ದು ಐದನೇ ಸಲ ಎದ್ದು ಬಂದವರು ತಮಗೆ ಗೊತ್ತಿರುವುದನ್ನು ಗೊತ್ತು ಎಂದು ನಂಬಿರುತ್ತಾರಲ್ಲ, ಅದನ್ನು ಒಮ್ಮೆ ನಗೆಗೀಡು ಮಾಡಿದರೆ ಆಮೇಲೆ ತಿದ್ದಲು ನನ್ನ ಹತ್ತಿರ ಯಾವ ಪೆನ್ನೂ ಇಲ್ಲ. ಈಗ ಯಾರಾದರೂ ಕೈ ಎತ್ತಿದರೆ ಸೀಮೆಸುಣ್ಣ ಕೆಳಗಿಟ್ಟು ಪೂರ್ತಿ ಕೇಳುತ್ತೇನೆ. ಗೊತ್ತಿಲ್ಲದಿದ್ದರೆ ನಾಳೆ ನೋಡಿ ಹೇಳುತ್ತೇನೆ ಎನ್ನುತ್ತೇನೆ, ಮರುದಿನ ಮರೆಯದೆ ಹೇಳುತ್ತೇನೆ.

ಈ ವರ್ಷವೂ 1347ರ ಕ್ಲಾಸು ಮಾಡಿದೆ. ಪ್ಲೇಗ್ ಆಯಿತು, ಕ್ಯಾಲೆ ಆಯಿತು. ದೌಲತಾಬಾದ್ ಎಂದು ಬೋರ್ಡಿನ ಮೇಲೆ ಬರೆದು, ಇದನ್ನು ನನಗೆ ಹೇಳಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ, ನಾನು ಅವಳನ್ನು ಎಲ್ಲರ ಮುಂದೆ ಗೇಲಿ ಮಾಡಿದ್ದೆ, ಅವಳು ಹೇಳಿದ್ದೇ ಸರಿಯಾಗಿತ್ತು ಎಂದು ಹೇಳಿದೆ. ಮುಂದಿನ ಬೆಂಚಿನ ಹುಡುಗನೊಬ್ಬ ನಗುತ್ತಲೇ ಕೇಳಿದ: ‘ಹಂಗಾದ್ರೆ ಅವ್ರಿಗೆ ಕೆಲ್ಸ ಗ್ಯಾರಂಟಿ ಸಿಕ್ಕಿರ್ಬೇಕಲ್ವಾ ಸಾರ್?’

‘ಇಲ್ಲಪ್ಪ,’ ಎಂದೆ. ‘ಸಿಗ್ಲಿಲ್ಲ.’

ಅವನ ನಗು ನಿಂತಿತು. ನಾನು ಸೀಮೆಸುಣ್ಣ ಕೆಳಗಿಟ್ಟು, ಯಾಕೆ ಸಿಗಲಿಲ್ಲ ಎಂಬುದನ್ನೂ ಹೇಳಿದೆ.