ಲಚ್ಚಣ್ಣ ಬಾರಿಸದ ಡೋಲು

ಅವತ್ತು ಮರವಂತೆಯಲ್ಲಿ ಗಾಳಿ ಜೋರಿತ್ತು. ಸ್ಕೂಟರಿನ ಹಿಂದೆ ಕೂತ ನಾನು ಟೇಪ್ ರೆಕಾರ್ಡರನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಉಪ್ಪುಗಾಳಿ ತಾಗಿದರೆ ಅದು ಹಾಳಾಗುತ್ತದೆಂದು ನನ್ನ ಗಂಡನಿಗೆ ಭಯ. ನನಗೆ ತಾಗಿದರೆ ಏನೂ ಆಗುವುದಿಲ್ಲವೆಂದು ನಂಬಿಕೆ. ಬಿಜೂರಿನಿಂದ ಕುಂದಾಪುರಕ್ಕೆ ಮರಳುತ್ತಿದ್ದೆವು, ಎಂದಿನಂತೆ ಬರಿಗೈಯಲ್ಲಿ. ಮನೆಗೆ ಬಂದು ಇವರು ಗಂಜಿ ಉಂಡು, ಉಪ್ಪಿನಕಾಯಿಗೆ ಖಾರ ಸಾಲದೆಂದು ಗೊಣಗಿ ಮಲಗಿದರು. ಬೆಳಿಗ್ಗೆ ಏಳಲಿಲ್ಲ. ಆ ದಿನದಲ್ಲಿ ಎಲ್ಲಾದರೂ ಒಂದು ಸೂಚನೆ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಗುವುದು ಉಪ್ಪಿನಕಾಯಿ ಮಾತ್ರ.

ಮಳೆಗಾಲ ಕಳೆದ ಮೇಲೆ ಅವರ ಕ್ಯಾಸೆಟ್ಟುಗಳ ಬೂಷ್ಟು ಒರೆಸಲು ಕೂರುತ್ತೇನೆ. ಈ ವರ್ಷವೂ ಕೂತಿದ್ದೇನೆ. ಆ ವಾಸನೆಗೆ ಇದೆಲ್ಲ ನೆನಪಾಗುತ್ತದೆ.

ಇವರು ಮೊದಲಿಗೆ ಹಾಡು ಹುಡುಕಿಕೊಂಡು ಹೊರಟವರಲ್ಲ. ನಮ್ಮ ಮದುವೆಯ ಹೊಸತರಲ್ಲಿ, ತೊಂಬತ್ತರ ದಶಕದ ಕೊನೆಗೆ, ಇವರ ಕೈಯಲ್ಲಿದ್ದದ್ದು ಮೈಕು. ಊರವರು ಮುಟ್ಟದೆ ದೂರವಿಟ್ಟ ಕೊರಗರ ಕಾಲೊನಿಗಳಲ್ಲಿ ಸಭೆ, ಮಕ್ಕಳಿಗೆ ಸಂಜೆಪಾಠ, ತಾಲೂಕು ಕಚೇರಿಯೆದುರು ಧರಣಿ, ಚಾದಂಗಡಿಯ ಹೊರಗೆ ಬೇರೆ ಲೋಟ ಇಟ್ಟಲ್ಲೆಲ್ಲ ಜಗಳ. ದೊಡ್ಡವರ ಮನೆಯಲ್ಲಿ ಸಾವಾದರೂ, ಊರಲ್ಲಿ ಕಂಬಳವಾದರೂ ಕೊರಗರು ಹೋಗಿ ಡೋಲು ಬಾರಿಸಬೇಕಿತ್ತು. ಅಂಗಳದ ಹೊರಗೆ ನಿಂತು ಬಾರಿಸಿ, ಎಲ್ಲರ ಊಟ ಮುಗಿದ ಮೇಲೆ ದೂರದಿಂದ ಹಾಕಿದ್ದನ್ನು ಬುಟ್ಟಿಯಲ್ಲಿ ಹಿಡಿಯಬೇಕಿತ್ತು. ಇವರು ಮನೆಮನೆಗೆ ಹೋಗಿ, ಡೋಲು ಕೆಳಗಿಡಿ ಎಂದರು. ಎಲ್ಲರಿಗಿಂತ ಮೊದಲು ಇಟ್ಟವರು ಬಿಜೂರಿನ ಲಚ್ಚಣ್ಣ. ಡೋಲಿನಲ್ಲಿ ಶಿರೂರಿನ ತನಕ ಅವರಿಗೆ ಹೆಸರಿತ್ತು. ಆ ವರ್ಷ ಅವರನ್ನು ಯಾರೂ ಗದ್ದೆಕೆಲಸಕ್ಕೆ ಕರೆಯಲಿಲ್ಲ. ಕಾಡುಬಳ್ಳಿ ತಂದು ಬುಟ್ಟಿ ಹೆಣೆದು ಬದುಕಿದರು.

ಸಭೆಗೆ ಜನ ಸೇರುವುದು ನಮ್ಮಲ್ಲಿ ಯಾವತ್ತೂ ತಡ, ನಿಮಗೂ ಗೊತ್ತಿರಬಹುದು. ಹಾಗೆ ಕಾಯುತ್ತಾ ಕೂತಲ್ಲಿ ಬುಟ್ಟಿ ಹೆಣೆಯುವ ಹೆಂಗಸರ ಹಾಡು ಇವರ ಕಿವಿಗೆ ಬಿತ್ತು. ಮುಂದೆ ಇವರ ಸಂಘಟನೆ ಒಡೆದು ಎರಡಾಯಿತು. ಎರಡೂ ಕಡೆಯವರು ಇವರನ್ನು ಆಚೆ ಕಡೆಯವರೆಂದು ಬೈದರು. ಸಭೆಗಳು ನಿಂತವು. ಹಾಡು ಕೇಳುವುದು ನಿಲ್ಲಲಿಲ್ಲ. ಒಂದು ಹಳೆಯ ರೆಕಾರ್ಡರ್ ತಂದರು. ಯಂತ್ರ ಕಂಡರೆ ಹೆಂಗಸರು ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ನನಗೂ ಕೆಲಸ ಸಿಕ್ಕಿತು. ಎಸ್ಸೆಸ್ಸೆಲ್ಸಿ ಓದಿದ ನನಗೆ ಜಾನಪದವೆಂದರೇನೆಂದು ತಿಳಿಯದು. ಎಲೆಯಡಿಕೆ ಹಂಚಿಕೊಂಡು ಕೂರುವುದು ತಿಳಿದಿತ್ತು. ಅರ್ಧ ಕ್ಯಾಸೆಟ್ಟುಗಳಲ್ಲಿ ನನ್ನ ಕೆಮ್ಮಿದೆ.

"ಬಿಡ್, ನಿನ್ ಕೆಮ್ಮೂ ಜಾನಪದ್ವೇ ಆಯ್ತ್ ಕಾಣ್" ಎನ್ನುತ್ತಿದ್ದರು ಇವರು.

ಹಾಡು ಬೇಕಾದಷ್ಟು ಸಿಕ್ಕಿತು. ಲಚ್ಚಣ್ಣನ ಡೋಲು ಸಿಗಲಿಲ್ಲ. ಅವರಷ್ಟು ಬಲ್ಲವರು ಬೇರೆ ಯಾರೂ ಉಳಿದಿಲ್ಲವೆಂದು ಇವರಿಗೆ ಅದೊಂದೇ ಚಿಂತೆ.

"ಹ್ವಾಯ್ ಲಚ್ಚಣ್ಣ, ಒಂದ್ ಗಳಿಗಿ ಬಾರ್ಸಿ ಮಾರಾಯ್ರೆ."

"ಕೆಳಗಿಡಿ ಅಂದದ್ದ್ ಯಾರ್ ಮಾಷ್ಟ್ರೆ?"

"ನಾನೇ. ಅದ್ ಊರವ್ರಿಗ್ ಬಾರ್ಸುದ್ ಬೇಡ ಅಂದದ್ದ್."

"ಆಗ ಹಾಂಗ್ ಬಿಡ್ಸಿ ಹೇಳಲಿಲ್ಲೆ ನೀವ್. ಅಮ್ಮ, ನೀವೇ ಹೇಳಿ, ಹೇಳಿದ್ರಾ?"

ನಾನು ನಕ್ಕೆ. ಲಚ್ಚಣ್ಣ ನಗಲಿಲ್ಲ. "ನೀವ್ ಟೇಪ್ ಮಾಡ್ಕಂಡ್ ಹೋತ್ರಿ. ನಾಳೆ ಊರವ್ರ್ ಬಂದ್, ಮಾಷ್ಟ್ರಿಗೆ ಬಾರ್ಸಿದ್ಯಲ, ನಮ್ಗೆ ಎಂತಕ್ ಆತಿಲ್ಲೆ ಅಂದ್ರೆ ನಾನ್ ಎಂತ ಹೇಳುದ್?"

ಮೈಕಿನೆದುರು ಗಂಟೆಗಟ್ಟಲೆ ಮಾತಾಡಿದವರು ರೆಕಾರ್ಡರನ್ನು ನನ್ನ ಕೈಗೆ ಕೊಟ್ಟು ಸ್ಕೂಟರ್ ಹೊರಡಿಸಿದರು. ಆದರೂ ಹೋಗುವುದು ಬಿಡಲಿಲ್ಲ. ಬರೀ ಚಾ ಕುಡಿದು ಬರುವುದಕ್ಕೆ ಎನ್ನುತ್ತಿದ್ದರು. ರೆಕಾರ್ಡರ್ ಮಾತ್ರ ನನ್ನ ಮಡಿಲಲ್ಲೇ ಇರುತ್ತಿತ್ತು. ವರ್ಷಗಳು ಹೀಗೆ ಹೋದವು.

ಇವರು ತೀರಿಕೊಂಡ ದಿನ ಬ್ರಹ್ಮಾವರದಿಂದ ಭಾವ, ಅಂದರೆ ಇವರ ಅಣ್ಣ, ಬಂದರು. ಸ್ವಲ್ಪ ಹೊತ್ತಿಗೆ ಲಚ್ಚಣ್ಣನೂ ಬಂದರು, ತೊಳೆದ ಅಂಗಿ ಹಾಕಿಕೊಂಡು.

"ಲಚ್ಚ ಹ್ಯಾಂಗೂ ಬಂದಿದ್ದ. ಡೋಲ್ ತರ್ಸುವ. ತಮ್ಮಂಗೆ ಅದ್ರ ಮೇಲೇ ಜೀವ ಇತ್ತ್" ಎಂದರು ಭಾವ.

ನನ್ನ ಮನಸ್ಸೂ ಹೌದೆಂದಿತು. ರೆಕಾರ್ಡರ್ ಒಳಗಿತ್ತು, ಅದರಲ್ಲಿ ಬ್ಯಾಟರಿಯೂ ಇತ್ತು. ಗಂಡನ ಹೆಣದ ಮುಂದೆ ಕೂತವಳಿಗೆ ಬ್ಯಾಟರಿಯ ಯೋಚನೆ ಬಂತೆಂದರೆ ನಾನೂ ಇವರ ಹಾಗೇ ಆಗಿದ್ದೆ. ಎದ್ದು ಅಂಗಳಕ್ಕೆ ಹೋಗಿ ನಾನೇ ಕೇಳಿದೆ.

"ಒಂದೇ ಸಲ, ಲಚ್ಚಣ್ಣ. ಅವ್ರಿಗ್ ಬೇಕಾಯಿತ್ತ್."

ಅವರು ಚಪ್ಪಲಿ ಕಳಚಿ ಮೆಟ್ಟಿಲ ಹತ್ತಿರ ಬಂದರು.

"ಸಾವಿಗ್ ಬಾರ್ಸುದಿಲ್ಲೆ ಅಂತ ಅವ್ರ್ ಕೈಮೇಲೇ ಆಣೆ ಹಾಕಿದ್ದ್ ಅಮ್ಮ. ಈಗ ಎದ್ದ್ ಕೂಕಂಡ್ರೆ ನಂಗೂ ಬೈತ್ರ್, ನಿಮ್ಗೂ ಬೈತ್ರ್."

ಹಾಗೆಂದು ಮೆಟ್ಟಿಲು ಹತ್ತಿ ಜಗಲಿಗೆ ಬಂದು ಬೆಂಚಿನಲ್ಲಿ ಭಾವನ ಪಕ್ಕ ಕೂತರು. ಭಾವ ಸ್ವಲ್ಪ ಸರಿದರು. ಜಾಗ ಕೊಡಲಿಕ್ಕೋ, ದೂರವಾಗಲಿಕ್ಕೋ ನನಗೆ ತಿಳಿಯಲಿಲ್ಲ. ಯಾರೋ ಚಾ ತಂದರು. ಇಬ್ಬರೂ ಒಂದೇ ತಟ್ಟೆಯಿಂದ ಲೋಟ ಎತ್ತಿಕೊಂಡರು. ಇವರನ್ನು ಡೋಲಿಲ್ಲದೆ ಮಸಣಕ್ಕೆ ಕಳಿಸಿದೆವು.

ಆಮೇಲೆ ನಾನು ಕೇಳಲಿಲ್ಲ. ಕೆಲವು ವರ್ಷ ಲಚ್ಚಣ್ಣನ ಮೇಲೆ ಒಳಗೊಳಗೇ ಸಿಟ್ಟಿತ್ತು, ಹೇಳಿಕೊಳ್ಳಲಾಗದಂಥದ್ದು. ಅದೂ ಸವೆದುಹೋಯಿತು. ಕಳೆದ ವರ್ಷ ಲಚ್ಚಣ್ಣನೂ ಹೋದರು. ಅವರ ಮಗ ಬೈಂದೂರಿನಲ್ಲಿ ಗೋಡೆಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಾನೆ. "ಅಪ್ಪ ಡೋಲ್ ಕಲ್ಸಲೇ ಇಲ್ಲೆ ಅಮ್ಮ" ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ.

ಮೊನ್ನೆ ಕಾಲೇಜಿನಿಂದ ಇಬ್ಬರು ಬಂದು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡರು. ಡೋಲಿನದ್ದು ಯಾವುದರಲ್ಲಿದೆ ಎಂದು ಕೇಳಿದರು. ಮೊದಲಾಗಿದ್ದರೆ ಏನಾದರೂ ನೆಪ ಹೇಳುತ್ತಿದ್ದೆ. ಈಗ ಅಷ್ಟು ಶಕ್ತಿಯಿಲ್ಲ, ಬೇಕೆಂದೂ ಅನಿಸುವುದಿಲ್ಲ. ಇದ್ದದ್ದನ್ನೇ ಹೇಳಿದೆ. ಲಚ್ಚಣ್ಣನ ಡೋಲು ಇದರಲ್ಲಿಲ್ಲ. ಬೇರೆಲ್ಲೂ ಇಲ್ಲ.