ಸಾಕ್ಷಿ ಹೇಳಿದವರ ಮನೆಗಳು

ಮೊಮ್ಮಗಳು ಹುಟ್ಟಿದ ಮೇಲೆ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಹಾಲು ಹಾಕುವವನಿಗೂ ಅವಳ ಎರಡು ಹಲ್ಲಿನ ವಿಷಯ ಹೇಳಿಯಾಗಿದೆ. ಆ ಸಂತೋಷ ತಡೆಯಲಾರದೆ ಬರೆಯಲು ಕೂತೆ. ನಾಲ್ಕನೇ ಕ್ಲಾಸಿನ ಕನ್ನಡ ನನ್ನದು. ಆದರೆ ಅವಳ ವಿಷಯ ಬರೆದರೆ ಅವಳಮ್ಮನ ಕೆಲಸದ ವಿಷಯವನ್ನೂ ಬರೆಯಬೇಕಾಗುತ್ತದೆ. ಅದರಲ್ಲಿ ಸಂತೋಷ ಕಡಿಮೆ.

ನನ್ನ ಮಗಳು ಗಂಡ-ಹೆಂಡಿರ ಸಂಸಾರದ ಬಗ್ಗೆ ಸಂಶೋಧನೆ ಮಾಡುವವಳು. ನಮ್ಮಂಥ ವಿಶ್ವಾಸಿಗಳ ಕುಟುಂಬಗಳನ್ನು ಅಧ್ಯಯನ ಮಾಡುವ ಒಂದು ಕ್ರೈಸ್ತ ಸಂಸ್ಥೆಯಲ್ಲಿ ಕೆಲಸ. ಗಂಡಸರು ಪೀಣ್ಯದ ಕಾರ್ಖಾನೆಗಳಿಗೆ ಮೊದಲ ಪಾಳಿಗೆ ಹೋದ ಮೇಲೆ ಮನೆಮನೆಗೆ ಹೋಗುತ್ತಿದ್ದಳು. ಪೆನ್ನು ಕಂಡರೆ ಹೆಂಗಸರು ಬಾಯಿ ಬಿಡುವುದಿಲ್ಲವೆಂದು ಅವರ ಜೊತೆ ನೆಲದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಮಾತಾಡಿಸುತ್ತಿದ್ದಳು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ಬೆರಳಿನ ಸೊಗಡು ಹೋಗುತ್ತಿರಲಿಲ್ಲ.

ನಮ್ಮ ಸಭೆಯಲ್ಲಿ, ಅಂದರೆ ನಾವು ಹೋಗುವ ಚರ್ಚಿನಲ್ಲಿ, ಒಂದು ಪದ್ಧತಿಯಿದೆ. ಜಗಳವಾಡಿದ ಗಂಡ-ಹೆಂಡತಿಯನ್ನು ಭಾನುವಾರ ಮುಂದೆ ಕರೆದು ಕೈ ಕೈ ಹಿಡಿಸುತ್ತಾರೆ. ಪಾಸ್ಟರು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಕೆಲವು ವಾರ ಕಳೆದ ಮೇಲೆ ಹೆಂಡತಿ ಮೈಕ್ ಹಿಡಿದು, ಕರ್ತನು ನಮ್ಮ ಮನೆ ಕಟ್ಟಿದನು ಎಂದು ಸಾಕ್ಷಿ ಹೇಳಬೇಕು. ಎಲ್ಲರದೂ ಚಪ್ಪಾಳೆ. ಸಂಸ್ಥೆಯವರೂ ಅವನ್ನು ಸರಿಹೋದ ಮನೆಗಳೆಂದೇ ನಂಬಿದ್ದರು. ಮಗಳು ಆ ಮನೆಗಳಿಗೆ ಮತ್ತೆ ಹೋದಳು.

ಹಾಗೆ ಸಾಕ್ಷಿ ಹೇಳಿದ್ದ ಕಲಬುರಗಿ ಕಡೆಯ ಒಬ್ಬಾಕೆ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಬಾಗಿಲು ತೆಗೆದಳಂತೆ.

"ಪಾಸ್ಟರಿಗೆ ಹೇಳ್ಲಿಲ್ವಾ?" ಎಂದಿದ್ದಾಳೆ ಮಗಳು.

"ಹ್ಯಾಂಗ ಹೇಳ್ಲಿ ಅಕ್ಕಾರ? ಮಂದಿ ಮುಂದ ಸಾಕ್ಷಿ ಹೇಳೀನಿ. ಈಗ ಮತ್ತ ಹೊಡೀತಾನಂದ್ರ, ದೇವ್ರು ಮಾಡಿದ್ದ ಸುಳ್ಳ ಅಂದಂಗಾತಲ್ರಿ."

ಹೀಗೆ ಬಾಯಿ ಕಟ್ಟಿಹೋದವರು ಇನ್ನೂ ಇದ್ದರು. ಸಂಸ್ಥೆಯವರು ಅಚ್ಚು ಹಾಕಿಸಲಿದ್ದ ಪುಸ್ತಕಕ್ಕೆ ಮಗಳು ಅದನ್ನೇ ಒಂದು ಅಧ್ಯಾಯವಾಗಿ ಬರೆದಳು. ಹೆರಿಗೆಯಾದ ಮೇಲೆ ಸಂಸ್ಥೆಯ ಹಿರಿಯರೊಬ್ಬರು ಮನೆಗೇ ಬಂದರು. ಮಗುವಿನ ತಲೆ ಸವರಿ ಆಶೀರ್ವಾದ ಮಾಡಿ ಹೇಳಿದರು: "ಆ ಅಧ್ಯಾಯ ತೆಗೆದ್ಬಿಡಮ್ಮ. ಇಲ್ದಿದ್ರೆ ನಿನ್ ಕೆಲ್ಸ ಉಳ್ಸೋಕೆ ನನ್ ಕೈಲಾಗಲ್ಲ. ನಿಮ್ ಸಭೇಲಿ ಒಬ್ಳಾದ್ರೂ ಇದನ್ನ ಒಪ್ಕೋತಾಳಾ?"

"ಬಾಯಲ್ಲಿ ಒಪ್ಕೊಳ್ಳಲ್ಲ ಸಾರ್. ಹೆಂಗಸರ ಕೂಟಕ್ಕೆ ಬನ್ನಿ, ಕಣ್ಣಲ್ಲೇ ನೋಡಿ."

ಅವರು ಬಂದರು, ಹಿಂದೆ ಗೋಡೆಗೊರಗಿ ನಿಂತರು. ಬಾಗಿಲಲ್ಲೇ ಪಾಸ್ಟರ ಹೆಂಡತಿ, ಕೂಟ ನಡೆಸುವ ಪಾಸ್ಟರಮ್ಮ, ಮಗಳನ್ನು ಚುಚ್ಚಿದರು: "ಏನಮ್ಮಾ, ಇದ್ದಬದ್ದ ಸಂಸಾರನೆಲ್ಲ ಬೀದಿಗೆ ತರೋದೇನಾ ನಿನ್ ಓದು?"

ಕೂಟದ ಕೊನೆಗೆ ಆಶೀರ್ವಾದಕ್ಕೆ ಎಲ್ಲರೂ ಕಣ್ಣು ಮುಚ್ಚಿ ಏಳುವುದು ವಾಡಿಕೆ. ಅಂದು ಪಾಸ್ಟರಮ್ಮ ಶುರು ಮಾಡುವ ಮೊದಲೇ ಮಗಳು ಮುಂದೆ ಹೋಗಿ ಹೇಳಿದಳು: "ಎಲ್ರೂ ಕಣ್ ಮುಚ್ಕೊಳ್ಳಿ. ಪಾಸ್ಟರಮ್ಮ, ನೀವೂ. ಸಾಕ್ಷಿ ಹೇಳಿದ್ಮೇಲೆ ಮನೆ ನಿಜವಾಗ್ಲೂ ಸರಿಹೋದೋರು ಮಾತ್ರ ಎದ್ದೇಳಿ. ಮಿಕ್ಕೋರು ಕೂತಿರಿ."

ಪ್ರತಿ ಸಲ ಆ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಗಳು ಒಟ್ಟಿಗೆ ಕಿರುಗುಟ್ಟುತ್ತವೆ. ಅಂದು ಅಲ್ಲೊಂದು ಇಲ್ಲೊಂದು ಸದ್ದು, ಅಷ್ಟೆ. ನನ್ನ ಗಂಡ ತೀರಿಹೋಗಿ ಬಹಳ ಕಾಲವಾಯಿತು. ನಾನೂ ಒಮ್ಮೆ ಆ ಮೈಕ್ ಹಿಡಿದವಳೇ. ತೊಡೆಯ ಮೇಲಿನ ಮಗುವನ್ನು ತಬ್ಬಿಕೊಂಡು ಕೂತೇ ಇದ್ದೆ.

ಎಲ್ಲವನ್ನೂ ಕಂಡಿದ್ದು ಆ ಹಿರಿಯರೊಬ್ಬರೇ. ಟೀ ಕೂಡ ಕುಡಿಯದೆ ಹೊರಟರು. "ಇವರಿಗೋಸ್ಕರ ಪ್ರಾರ್ಥನೆ ಮಾಡೋಣಮ್ಮ" ಎಂದರು, ಅಷ್ಟೇ. ಅಧ್ಯಾಯವಿಲ್ಲದೆಯೇ ಪುಸ್ತಕ ಅಚ್ಚಾಯಿತು, ಮಗಳ ಕೆಲಸ ಹೋಯಿತು. ಕಲಬುರಗಿಯಾಕೆಯನ್ನು ಗಂಡ ರೂಮು ಖಾಲಿ ಮಾಡಿ ಎಲ್ಲಿಗೋ ಕರೆದುಕೊಂಡು ಹೋದ.

ಮಗಳು ಈಗಲೂ ಮನೆಮನೆಗೆ ಹೋಗುತ್ತಾಳೆ, ಸಂಬಳವಿಲ್ಲದೆ. ಮಗುವನ್ನೆತ್ತಿಕೊಂಡು ನಾನೂ ಹೋಗುತ್ತೇನೆ. ನಮ್ಮ ಚಿನ್ನ ಯಾರ ಕೈಗಾದರೂ ನಗುತ್ತಾ ಹಾರುತ್ತಾಳೆ. ಅವಳನ್ನು ಕಂಡರೆ ಹೆಂಗಸರು ಬೇಗ ಬಾಗಿಲು ತೆಗೆಯುತ್ತಾರೆ. ನಿನ್ನೆ ಒಂದು ಮನೆಯಲ್ಲಿ ತೆಗೆಯಲಿಲ್ಲ. ಒಳಗೆ ಯಾರೋ ಮೂಗು ಸೀಟಿದ ಸದ್ದು ಕೇಳಿಸಿತು. ಮಗಳು ಹೊಸ್ತಿಲ ಪಕ್ಕದಲ್ಲೇ ಕೂತಳು. ನಾನೂ ಕೂತೆ.